ಅನಿಮೇಷನ್ ಕಿರುಚಿತ್ರಕ್ಕೆ ಸೌಂಡ್ ಎಫೆಕ್ಟ್ಸ್: ಅಡುಗೆಮನೆಯೇ ಸ್ಟುಡಿಯೊ!

ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಸಿನಿಮಾದಲ್ಲಿ ಸೆಟ್‌ನ ಸದ್ದು ಅಷ್ಟಿಷ್ಟಾದರೂ ದಾಖಲಾಗಿರುತ್ತದೆ. ಅನಿಮೇಷನ್‌ನಲ್ಲಿ ಹಾಗಲ್ಲ. ಬರೆದ ಪಾತ್ರ ನಡೆದರೂ ಬಿದ್ದರೂ ಮೌನವೇ. ಸದ್ದಿಲ್ಲದಿದ್ದರೆ ತೆರೆಯ ಮೇಲಿನ ಆನೆಯೂ ಕಾಗದದಷ್ಟು ಹಗುರ. ಆ ತೂಕ ತುಂಬುವ ಕಲೆಯೇ ಫೋಲಿ. 1920ರ ದಶಕದ ಕೊನೆಯಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊದಲ್ಲಿ, ತೆರೆ ನೋಡುತ್ತಲೇ ಸದ್ದು ಮಾಡುವ ಪದ್ಧತಿಯನ್ನು ರೂಢಿಗೆ ತಂದ ಜ್ಯಾಕ್ ಫೋಲಿ ಅವರಿಂದ ಈ ಹೆಸರು ಬಂದಿದೆ.

ಇದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಕಾರ್ನ್‌ಫ್ಲೋರ್ ಅನ್ನು ಬಟ್ಟೆಯಲ್ಲಿ ಕಟ್ಟಿ ಹಿಚುಕಿದರೆ ಹಿಮದ ಮೇಲಿನ ಹೆಜ್ಜೆ ಸಪ್ಪಳ. ತೆಂಗಿನ ಚಿಪ್ಪಿನ ಎರಡು ಹೋಳು ಕುಟ್ಟಿದರೆ ಕುದುರೆ ಓಡುತ್ತದೆ. ಚರ್ಮದ ಕೈಗವಸು ಬಡಿದರೆ ಹಕ್ಕಿಯ ರೆಕ್ಕೆ, ಕ್ಯಾರೆಟ್ ಮುರಿದರೆ ಮೂಳೆ. ಬಿಸ್ಕತ್ ಪೊಟ್ಟಣದ ಹಾಳೆಯನ್ನು ನಿಧಾನವಾಗಿ ಮುದುಡಿದರೆ ಬೆಂಕಿ ಚಟಪಟಿಸುತ್ತದೆ. ಇನ್ನು ಮಳೆ? ಬಾಣಲೆಯ ಎಣ್ಣೆಯಲ್ಲಿ ಏನಾದರೂ ಕರಿದರೆ ಸಾಕು! ನಿಜವಾದ ಮಳೆಯನ್ನೇ ರೆಕಾರ್ಡ್ ಮಾಡಿದರೆ ಎಷ್ಟೋ ಸಲ ಬರೀ ಗೊರಗೊರ ಕೇಳಿಸುತ್ತದೆ.

ದೊಡ್ಡ ಚಿತ್ರಗಳ ದಾರಿಯೂ ಇದೇ. ಪಿಕ್ಸಾರ್‌ನ 'ವಾಲ್-ಇ' (2008) ಚಿತ್ರದ ಪುಟ್ಟ ರೋಬೋ ಓಡಾಡುವ ಸದ್ದಿಗೆ ಸೌಂಡ್ ಡಿಸೈನರ್ ಬೆನ್ ಬರ್ಟ್ ಬಳಸಿದ್ದು ಕೈಯಿಂದ ತಿರುಗಿಸುವ ಹಳೆಯ ಜನರೇಟರ್. ಅದರ ಜತೆಗಾರ ಜಿರಳೆಯ ಟಿಕ್‌ಟಿಕ್ ಸದ್ದು ಹುಟ್ಟಿದ್ದು ಕೈಕೋಳದಿಂದ.

ಕಷ್ಟವಿರುವುದು ರೆಕಾರ್ಡಿಂಗ್‌ನಲ್ಲಿ. ಮುಂಬೈ, ಚೆನ್ನೈನಂಥ ನಗರದ ಫ್ಲ್ಯಾಟ್‌ನಲ್ಲಿ ಮಧ್ಯರಾತ್ರಿಯೇ ಗತಿ. ಫ್ಯಾನ್, ಫ್ರಿಜ್ ಆರಿಸಿ (ಫ್ರಿಜ್ ಮತ್ತೆ ಹಾಕಲು ಮರೆಯಬೇಡಿ), ಸುತ್ತ ಕಂಬಳಿ ಇಳಿಬಿಟ್ಟರೆ ಗೋಡೆಯ ಪ್ರತಿಧ್ವನಿ ತಗ್ಗುತ್ತದೆ. ಫೋನ್ ಆದರೂ ನಡೆಯುತ್ತದೆ; ವಸ್ತುವಿನಿಂದ ಒಂದು ಗೇಣು ದೂರವಿರಲಿ. ಎಂಪಿ3 ಬದಲು ವೇವ್ ಫೈಲ್ ಆಗಿ ಉಳಿಸಿಕೊಳ್ಳಿ. ಪ್ರತಿ ಸದ್ದನ್ನೂ ನಾಲ್ಕೈದು ಬಾರಿ ತೆಗೆಯುವುದು ಲೇಸು. ಒಂದೇ ಹೆಜ್ಜೆ ಸಪ್ಪಳವನ್ನು ಕಾಪಿ-ಪೇಸ್ಟ್ ಮಾಡಿದರೆ ಕಿವಿ ಕೂಡಲೇ ಪತ್ತೆಹಚ್ಚುತ್ತದೆ.

ಸೆಕೆಂಡಿಗೆ 24 ಫ್ರೇಮ್ ಇರುವ ಚಿತ್ರದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡ್. ಪಾದ ನೆಲ ಮುಟ್ಟುವ ಫ್ರೇಮ್‌ಗೇ ಸದ್ದು ಕೂರಬೇಕು. ಮೂರ್ನಾಲ್ಕು ಫ್ರೇಮ್ ಮೊದಲೇ ಕೇಳಿಸಿದರೆ ಆಭಾಸ. ಎಡಿಟಿಂಗ್ ಆ್ಯಪ್‌ನಲ್ಲಿ ಪಿಚ್ ಇಳಿಸಿದರೆ ಸ್ಟೀಲ್ ಡಬ್ಬಿಯ ಮುಚ್ಚಳವೂ ಕೋಟೆ ಬಾಗಿಲಾಗುತ್ತದೆ.

ಇಂಟರ್‌ನೆಟ್‌ನಲ್ಲಿ ಉಚಿತ ಸದ್ದುಗಳು ಬೇಕಾದಷ್ಟು ಸಿಗುತ್ತವಲ್ಲ ಎನ್ನಬಹುದು. ಆದರೆ ಕೆಲವು ಪರವಾನಗಿಗಳು ವಾಣಿಜ್ಯ ಬಳಕೆಗೆ ಒಪ್ಪುವುದಿಲ್ಲ. ಮುಂದೆ ಚಿತ್ರ ಮಾರಾಟವಾಗುವ ಹೊತ್ತಿಗೆ ಅದೇ ತೊಡಕಾಗಬಹುದು. ಮನೆಯಲ್ಲೇ ಕುಟ್ಟಿದ ತೆಂಗಿನ ಚಿಪ್ಪಿಗೆ ಆ ತಕರಾರಿಲ್ಲ.