ಖಡ್ಗದ ಸಾಲಿನಲ್ಲಿ ಗುದ್ದಲಿ

ಕಲ್ಪವೃಕ್ಷಗಳು ಮರೆಯಾಗಿ ಕರ್ಮಭೂಮಿಯು ಆರಂಭವಾದಾಗ ಭಗವಾನ್ ಆದಿನಾಥರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣವು ತಿಳಿಸುತ್ತದೆ. ಬದುಕಲು ನೆಲವನ್ನು ಉಳಬೇಕಾಯಿತು. ಬೆಳೆದುದನ್ನು ಕಾಯಲು ಆಯುಧವೂ ಬೇಕಾಯಿತು. ಆದ್ದರಿಂದ ಕೃಷಿಯಾಗಲಿ ಕ್ಷಾತ್ರವಾಗಲಿ ಶ್ರಾವಕನಿಗೆ ನಿಷಿದ್ಧವಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದುದೇ ಇದಕ್ಕೆ ಸಾಕ್ಷಿ. ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು, ಉಳಿದ ಮೂರನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು ಎಂಬುದು ನಮ್ಮ ಪರಂಪರೆಯ ಮಾರ್ಗ.

ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೊಂದು ಎಚ್ಚರವನ್ನು ಕೊಟ್ಟಿದ್ದಾರೆ. ಅವರು ಹೇಳುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ವಧೆಗೆ ಕಾರಣವಾಗುವ ವಸ್ತುವನ್ನು ಮತ್ತೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಅಂತಹ ವಸ್ತುಗಳನ್ನು ಹೆಸರಿಸುವಾಗ ಆಚಾರ್ಯರು ಕೊಡಲಿ, ಖಡ್ಗ, ಬೆಂಕಿ, ವಿಷ, ಸಂಕೋಲೆಗಳ ಸಾಲಿನಲ್ಲಿಯೇ ಗುದ್ದಲಿಯನ್ನೂ ಸೇರಿಸಿದ್ದಾರೆ. ಅನ್ನ ಬೆಳೆಯುವ ಉಪಕರಣವು ಖಡ್ಗದ ಪಕ್ಕದಲ್ಲಿ ಏಕೆ ಬಂದಿತು? ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್ 1868ರಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ. ಗಾಳಿಯಲ್ಲಿರುವ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನು ತಯಾರಿಸುವ ವಿಧಾನವನ್ನು ಈತ 1909ರಲ್ಲಿ ಮಾಡಿ ತೋರಿಸಿದ. ಕಾರ್ಲ್ ಬಾಷ್ ಎಂಬ ತಂತ್ರಜ್ಞ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದ. 1913ರಲ್ಲಿ ಓಪೌ ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿಯವರೆಗೆ ಯೂರೋಪಿನ ಹೊಲಗಳು ಚಿಲಿ ದೇಶದಿಂದ ಹಡಗಿನಲ್ಲಿ ಬರುವ ನೈಟ್ರೇಟ್ ಲವಣವನ್ನು ಬಹುವಾಗಿ ನೆಚ್ಚಿದ್ದವು. ಇಂದು ಜಗತ್ತಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಆಹಾರ ಈ ವಿಧಾನದ ಗೊಬ್ಬರವನ್ನು ಆಶ್ರಯಿಸಿದೆ. ಇಷ್ಟು ಜನರಿಗೆ ಅನ್ನವಿತ್ತ ಸಂಶೋಧನೆ ಮತ್ತೊಂದಿಲ್ಲವೆಂದರೂ ತಪ್ಪಾಗದು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ನೌಕಾಪಡೆಯು ಸಮುದ್ರಮಾರ್ಗವನ್ನು ಮುಚ್ಚಿದಾಗ ಜರ್ಮನಿಗೆ ಚಿಲಿಯ ಲವಣ ಬರುವುದು ನಿಂತಿತು. ಸಿಡಿಮದ್ದಿಗೂ ಅದೇ ಮೂಲವಸ್ತು. ಆಗ ಅಮೋನಿಯವನ್ನು ನೈಟ್ರಿಕ್ ಆಮ್ಲವಾಗಿ ಪರಿವರ್ತಿಸಿ ಮದ್ದುಗುಂಡುಗಳಿಗೆ ಒದಗಿಸಲಾಯಿತು. ಗೊಬ್ಬರದ ಕಾರ್ಖಾನೆಯು ಹೀಗೆ ಯುದ್ಧದ ಕಾರ್ಖಾನೆಯಾಯಿತು.

ಹೇಬರ್ ಇಷ್ಟಕ್ಕೆ ನಿಲ್ಲಲಿಲ್ಲ. ಶಾಂತಿಕಾಲದಲ್ಲಿ ವಿಜ್ಞಾನಿಯು ಲೋಕಕ್ಕೆ ಸೇರಿದವನು, ಯುದ್ಧಕಾಲದಲ್ಲಿ ತನ್ನ ದೇಶಕ್ಕೆ ಸೇರಿದವನು ಎಂಬುದು ಆತನ ನಿಲುವು. ವಿಷವನ್ನು ಯುದ್ಧದಲ್ಲಿ ಬಳಸಬಾರದೆಂಬ ಹೇಗ್ ಒಪ್ಪಂದಗಳಿಗೆ ಜರ್ಮನಿಯೂ ಸಹಿ ಹಾಕಿತ್ತು. ಆದರೂ 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ, ಆತನ ಮೇಲ್ವಿಚಾರಣೆಯಲ್ಲಿ, ಐದು ಸಾವಿರಕ್ಕೂ ಹೆಚ್ಚು ಉಕ್ಕಿನ ಸಿಲಿಂಡರುಗಳಿಂದ ಸುಮಾರು 150 ಟನ್ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಡಲಾಯಿತು. ಹಸಿರು ಮಿಶ್ರಿತ ಹಳದಿಯ ಮೋಡವೊಂದು ನೆಲಕ್ಕೆ ತಾಗಿಕೊಂಡು ಎದುರು ಪಾಳೆಯದ ಕಂದಕಗಳೊಳಗೆ ಇಳಿಯಿತು. ಅಲ್ಲಿದ್ದ ಫ್ರೆಂಚ್ ಮತ್ತು ಅಲ್ಜೀರಿಯದ ಸೈನಿಕರು ಉಸಿರುಗಟ್ಟಿ ಬಿದ್ದರು. ನಾಲ್ಕು ದಿನಗಳ ತರುವಾಯ ಅದೇ ರಣಾಂಗಣದಲ್ಲಿ ಭಾರತೀಯ ಸೈನಿಕರಿದ್ದ ಲಾಹೋರ್ ಡಿವಿಜನ್ ಸಹ ಈ ವಿಷಕ್ಕೆ ಎದೆಯೊಡ್ಡಬೇಕಾಯಿತು.

ಹೇಬರನ ಪತ್ನಿ ಕ್ಲಾರಾ ಇಮ್ಮರ್‌ವಾರ್ ಸ್ವತಃ ರಸಾಯನ ವಿಜ್ಞಾನಿ. 1900ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. 1915ರ ಮೇ 2ರಂದು ಆಕೆ ಪತಿಯ ಪಿಸ್ತೂಲಿನಿಂದಲೇ ಪ್ರಾಣ ಕಳೆದುಕೊಂಡಳು. ವಿಷಾನಿಲದ ಬಗೆಗಿನ ವೇದನೆಯೇ ಇದಕ್ಕೆ ಕಾರಣವೆಂದು ಹಲವರು ನಂಬುತ್ತಾರೆ. ಇತಿಹಾಸಕಾರರಲ್ಲಿ ಈ ಕುರಿತು ಒಮ್ಮತವಿಲ್ಲ. ಹೇಬರ್ ಮಾತ್ರ ಯುದ್ಧಕಾರ್ಯವನ್ನು ಬಿಡಲಿಲ್ಲ. ಅಮೋನಿಯದ ಸಂಶೋಧನೆಗಾಗಿ 1918ರ ನೊಬೆಲ್ ಪಾರಿತೋಷಕವೂ ಆತನಿಗೆ ಸಂದಿತು. ಯುದ್ಧಾನಂತರ ಆತನ ಸಂಸ್ಥೆಯಲ್ಲಿ ಧಾನ್ಯದ ಕೀಟಗಳನ್ನು ಕೊಲ್ಲುವ ಸೈನೈಡ್ ಅನಿಲಗಳ ಸಂಶೋಧನೆ ನಡೆಯಿತು. ಅದರಿಂದ ಬೆಳೆದುಬಂದ ಝೈಕ್ಲಾನ್-ಬಿ ಎಂಬ ಕೀಟನಾಶಕದಿಂದಲೇ ಮುಂದೆ ನಾಟ್ಸಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದರು. ಹಾಗೆ ಶಿಬಿರಗಳಲ್ಲಿ ಸತ್ತವರಲ್ಲಿ ಹೇಬರನ ಬಂಧುಗಳೂ ಇದ್ದರು. ಅದನ್ನು ನೋಡಲು ಆತ ಉಳಿದಿರಲಿಲ್ಲ. 1933ರಲ್ಲಿ ದೇಶ ಬಿಟ್ಟು, 1934ರಲ್ಲಿ ಬಾಸೆಲ್ ನಗರದಲ್ಲಿ ಕಾಲವಾಗಿದ್ದ. ಕೊಟ್ಟ ಆಯುಧ ಯಾರ ಕೈ ಸೇರುವುದು, ಯಾರ ಮೇಲೆ ತಿರುಗುವುದು ಎಂಬುದು ಕೊಟ್ಟವನ ಅಧೀನದಲ್ಲಿಲ್ಲ. ಹಿಂಸಾದಾನವು ಪ್ರತ್ಯೇಕ ದೋಷವಾಗಿ ಎಣಿಕೆಗೊಂಡಿರುವುದರ ಮರ್ಮ ಇದರಿಂದ ಸ್ಪಷ್ಟವಾಗುತ್ತದೆ.

ಇದೇ ದಾರಿಯಲ್ಲಿ ನಡೆದು ಹಿಂದಿರುಗಿ ನೋಡಿದ ಮತ್ತೊಬ್ಬ ವಿಜ್ಞಾನಿಯೂ ಇದ್ದಾನೆ. ಅಮೆರಿಕದ ಆರ್ಥರ್ ಗ್ಯಾಲ್‌ಸ್ಟನ್ 1940ರ ದಶಕದ ಆರಂಭದಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಸೋಯಾ ಅವರೆ ಬೇಗ ಹೂಬಿಡುವಂತೆ ಮಾಡುವ ರಾಸಾಯನಿಕವೊಂದನ್ನು ಅಭ್ಯಸಿಸಿದ. ಪ್ರಮಾಣ ಹೆಚ್ಚಾದರೆ ಗಿಡದ ಎಲೆಗಳು ಉದುರುವುದನ್ನೂ ತನ್ನ ಪ್ರಬಂಧದಲ್ಲಿ ದಾಖಲಿಸಿದ. ಆತನ ಉದ್ದೇಶ ರೈತನ ಹಿತವೇ ಆಗಿತ್ತು. ಆದರೆ ಸೇನೆಯ ಸಂಶೋಧಕರು ಆ ಎರಡನೆಯ ಮಾತನ್ನು ಹಿಡಿದು ಮುಂದುವರಿದರು. ವಿಯೆಟ್ನಾಮಿನ ಯುದ್ಧದಲ್ಲಿ, 1962ರಿಂದ 1971ರವರೆಗೆ, ಅಮೆರಿಕದ ವಿಮಾನಗಳು ಕಾಡುಗಳ ಮೇಲೆಯೂ ಬತ್ತದ ಗದ್ದೆಗಳ ಮೇಲೆಯೂ ಸುಮಾರು 7 ಕೋಟಿ ಲೀಟರಿನಷ್ಟು ಸಸ್ಯನಾಶಕವನ್ನು ಸುರಿದವು. ಅದರಲ್ಲಿ ಬಹುಭಾಗ ಏಜೆಂಟ್ ಆರೆಂಜ್. ಅದರಲ್ಲಿದ್ದುದು ಗ್ಯಾಲ್‌ಸ್ಟನ್ ಅಭ್ಯಸಿಸಿದ ರಾಸಾಯನಿಕವಲ್ಲ. ಹೊಲದ ಕಳೆ ಕೊಲ್ಲಲು ಬಳಕೆಗೆ ಬಂದಿದ್ದ ಎರಡು ಕಳೆನಾಶಕಗಳು ಮತ್ತು ಅವುಗಳೊಡನೆ ಬೆರೆತು ಬಂದ ಡಯಾಕ್ಸಿನ್ ಎಂಬ ಘೋರ ವಿಷ. ಹಾಗಿದ್ದರೂ ಗ್ಯಾಲ್‌ಸ್ಟನ್ ತನಗೂ ಇದಕ್ಕೂ ಸಂಬಂಧವಿಲ್ಲವೆಂದು ಕೈತೊಳೆದುಕೊಳ್ಳಲಿಲ್ಲ. ಸಹ ವಿಜ್ಞಾನಿಗಳನ್ನು ಕೂಡಿಸಿ ಸರಕಾರಕ್ಕೆ ಮನವಿಗಳನ್ನು ಸಲ್ಲಿಸಿದ, ವಿಯೆಟ್ನಾಮಿಗೆ ಹೋಗಿ ಕಣ್ಣಾರೆ ಕಂಡುಬಂದ. ಇಂತಹವರ ಒತ್ತಾಯದಿಂದ 1970ರಲ್ಲಿ ಏಜೆಂಟ್ ಆರೆಂಜ್ ಬಳಕೆ ತಡೆಗೊಂಡು, ಮರುವರ್ಷ ವಿಮಾನದ ಸಿಂಪರಣೆಯೇ ನಿಂತಿತು. ತಿಳಿಯದೆ ಆದ ದೋಷವನ್ನೂ ನೆನೆದು ಅದರಿಂದ ಹಿಂದಿರುಗುವುದನ್ನು ನಮ್ಮಲ್ಲಿ ಪ್ರತಿಕ್ರಮಣವೆನ್ನುತ್ತಾರೆ. ಆ ಶಬ್ದವನ್ನರಿಯದೆಯೇ ಗ್ಯಾಲ್‌ಸ್ಟನ್ ಅದನ್ನು ಆಚರಿಸಿದ.

ಇವೆಲ್ಲ ದೂರದೇಶದ ಸಂಗತಿಗಳೆಂದು ಸಮಾಧಾನ ತಾಳುವಂತಿಲ್ಲ. 1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದ ಅನಿಲವು ಕೀಟನಾಶಕದ ಕಾರ್ಖಾನೆಯದೇ. ಧರ್ಮಸ್ಥಳ ಹಾಗೂ ವೇಣೂರು ಕ್ಷೇತ್ರಗಳಿರುವ ಬೆಳ್ತಂಗಡಿ ತಾಲೂಕಿನಲ್ಲಿಯೇ, ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ನೆರೆಯ ಕಾಸರಗೋಡಿನಲ್ಲಿಯೂ ಹಾಗೆಯೇ ಆಯಿತು. ಗೇರುಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶವಾಗಿತ್ತು. ಆದರೆ ಮೇಲಿನಿಂದ ಬಿದ್ದ ವಿಷವು ಬಾವಿಗೂ ತೊರೆಗೂ ಇಳಿಯಿತು. ಅಂಗವೈಕಲ್ಯದಿಂದಲೂ ಬುದ್ಧಿಮಾಂದ್ಯದಿಂದಲೂ ನರಳುವ ಮಕ್ಕಳ ಮನೆಗಳು ಆ ಊರುಗಳಲ್ಲಿ ಇಂದಿಗೂ ಇವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ನಿಷೇಧಿಸಿತು.

ಹಾಗಾದರೆ ರೈತನು ರೋಗಕ್ಕೆ ತುತ್ತಾದ ಬೆಳೆಯನ್ನು ನೋಡುತ್ತ ಕುಳಿತುಕೊಳ್ಳಬೇಕೇ ಎಂಬ ಪ್ರಶ್ನೆ ನ್ಯಾಯವಾದುದೇ. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಉಳುಮೆಯಲ್ಲಿ ಹಿಂಸೆಯಿದೆಯೆಂದು ತಿಳಿದೇ ಅದನ್ನು ಗೃಹಸ್ಥನಿಗೆ ಒಪ್ಪಿದೆ. ಯತ್ನಾಚಾರವಿದೆಯೇ ಇಲ್ಲವೇ ಎಂಬುದನ್ನು ಅದು ನೋಡುತ್ತದೆ. ರೋಗ ಕಂಡ ಗಿಡದ ಬಳಿಗೆ ಹೋಗಿ, ಬೇಕಾದಷ್ಟೇ ಮದ್ದು ಹಾಕುವವನಿಗೆ ತಾನು ಏನು ಮಾಡುತ್ತಿದ್ದೇನೆಂಬ ಅರಿವಿರುತ್ತದೆ. ಆಕಾಶದಿಂದ ಗುಡ್ಡಕ್ಕೆಲ್ಲ ವಿಷ ಸುರಿಯುವವನಿಗೆ ಕೆಳಗಿರುವ ಬಾವಿ ಕಾಣುವುದಿಲ್ಲ, ಮಗು ಕಾಣುವುದಿಲ್ಲ. ಈಪ್ರ್‌ನಲ್ಲಿ ಸಿಲಿಂಡರಿನ ಕೀಲು ತಿರುಗಿಸಿದವನಿಗೂ ಎದುರಿನವನ ಮುಖ ಕಾಣುತ್ತಿರಲಿಲ್ಲ. ಭರತ-ಬಾಹುಬಲಿಯರ ಮಂತ್ರಿಗಳು ಸೈನ್ಯಗಳ ನಾಶವನ್ನು ತಪ್ಪಿಸಲೆಂದು ಅಣ್ಣತಮ್ಮಂದಿರಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಅವುಗಳಲ್ಲಿ ಮೊದಲನೆಯದೇ ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡುವುದು. ಆಧುನಿಕ ಯುದ್ಧವೂ ಆಧುನಿಕ ಕೃಷಿಯೂ ಕಳೆದುಕೊಂಡಿರುವುದು ಈ ದೃಷ್ಟಿಯನ್ನೇ.

1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಶಸ್ತ್ರಗಳ ನಿಷೇಧ ಒಪ್ಪಂದದಂತೆ ಭಾರತವು ತನ್ನಲ್ಲಿದ್ದ ಸಂಗ್ರಹವನ್ನು 2009ರಲ್ಲಿ ನಾಶಪಡಿಸಿತು. ಸದಸ್ಯ ರಾಷ್ಟ್ರಗಳು ಘೋಷಿಸಿದ್ದ ಸಂಗ್ರಹಗಳಲ್ಲಿ ಕೊನೆಯದು 2023ರಲ್ಲಿ ಅಮೆರಿಕದಲ್ಲಿ ನಾಶವಾಯಿತು. ಖಡ್ಗದ ಮಟ್ಟಿಗೆ ರಾಷ್ಟ್ರಗಳು ಇಷ್ಟನ್ನಾದರೂ ಮಾಡಿವೆ. ಗುದ್ದಲಿಯ ಮಟ್ಟಿಗೆ ಮಾಡಬೇಕಾದುದು ಮನೆಗಳಿಗೂ ಬಸದಿಗಳಿಗೂ ಉಳಿದಿದೆ. ಹಿಂಸೆಯನ್ನು ತಾನು ಮಾಡುವುದು, ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು, ಈ ಮೂರೂ ಆಸ್ರವಕ್ಕೆ ದ್ವಾರಗಳು. ಬಸದಿಯ ಭೂಮಿಯನ್ನು ಗೇಣಿಗೆ ಪಡೆದವನು ಅಲ್ಲಿ ಏನನ್ನು ಸಿಂಪಡಿಸುತ್ತಾನೆ, ಟ್ರಸ್ಟಿನ ಹಣ ಯಾವ ಉದ್ಯಮದಲ್ಲಿ ತೊಡಗಿದೆ, ಅಂಗಡಿಯಲ್ಲಿ ಮಾರುವ ಡಬ್ಬಿ ಯಾವ ತಿಳಿವಳಿಕೆಯೊಡನೆ ಕೊಳ್ಳುವವನ ಕೈ ಸೇರುತ್ತದೆ ಎಂದು ವರ್ಷಕ್ಕೊಮ್ಮೆ ಲೆಕ್ಕಪತ್ರ ನೋಡುವ ದಿನವೇ ಕೇಳಿಕೊಳ್ಳಬಹುದು. ಪರ್ಯೂಷಣದಲ್ಲಿ ಸಕಲ ಜೀವಗಳ ಕ್ಷಮೆಯನ್ನು ಬೇಡುವವರಿಗೆ ಇದು ಹೊರೆಯಾಗಲಾರದು.