ತಾರಮಂಗಲದ ಕಂಬಗಳೂ ಇತಿಹಾಸದ ಪಾಠವೂ

ಇತಿಹಾಸವೆಂದರೆ ಅರಸರ ಹೆಸರುಗಳನ್ನೂ ಇಸವಿಗಳನ್ನೂ ಕಂಠಪಾಠ ಮಾಡಿ ಪರೀಕ್ಷೆಯ ದಿನ ಒಪ್ಪಿಸುವುದೆಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಗಡಿನಾಡಿನ ಕನ್ನಡ ಮಕ್ಕಳಿಗೆ ಇದರಿಂದ ಇಮ್ಮಡಿ ನಷ್ಟ. ಪಠ್ಯಪುಸ್ತಕದಲ್ಲಿ ತಮ್ಮ ಊರು ಕಾಣಿಸದು. ಮನೆಯಲ್ಲಿ ಕೇಳುವ ಅಭಿಮಾನದ ಮಾತಿಗೆ ಆಧಾರವೇನೆಂದು ತಿಳಿಯದು. ಆದರೆ ಇತಿಹಾಸವನ್ನು ವಿಚಾರಪೂರ್ವಕವಾಗಿ ಕಲಿಸಲು ಬೇಕಾದ ಸಾಮಗ್ರಿ ನಮ್ಮ ಸೀಮೆಯಲ್ಲಿಯೇ ಹೇರಳವಾಗಿದೆ.

ತಾರಮಂಗಲದ ಕೈಲಾಸನಾಥ ದೇವಾಲಯವನ್ನೇ ನೋಡೋಣ. ರಾಮನ ಶಿಲ್ಪದ ಬಳಿ ನಿಂತರೆ ವಾಲಿ ಕಾಣುವನೆಂದೂ, ವಾಲಿಯ ಬಳಿ ನಿಂತರೆ ರಾಮನು ಕಾಣನೆಂದೂ ಅಲ್ಲಿಯ ಕಂಬಗಳನ್ನು ಕುರಿತು ಜನರು ಹೇಳುವುದುಂಟು. ಉಪಾಧ್ಯಾಯರು ಈ ಮಾತನ್ನು ಹೇಳಿ ಸುಮ್ಮನಾಗದೆ, ಮಕ್ಕಳನ್ನು ಎರಡು ಸ್ಥಳಗಳಲ್ಲಿಯೂ ನಿಲ್ಲಿಸಿ, ಕಂಡುದನ್ನು ಬರೆಯಿಸಬೇಕು. ಕೇಳಿದ ಮಾತನ್ನು ಪರೀಕ್ಷಿಸುವುದು ಮೊದಲನೆಯ ಪಾಠ. ನಿಂತ ನೆಲೆಗೆ ತಕ್ಕಂತೆ ನೋಟವು ಬೇರೆಯಾಗುವುದೆಂಬುದು ಎರಡನೆಯ ಪಾಠ.

ಗ್ರಂಥಗಳಿಗೂ ಈ ನ್ಯಾಯವೇ ಸಲ್ಲುತ್ತದೆ. ಈ ದೇವಾಲಯವನ್ನು ಬೆಳೆಸಿದ ಗಟ್ಟಿಮುದಲಿಗಳು 17ನೆಯ ಶತಮಾನದಲ್ಲಿ ಈ ಭಾಗದ ಪಾಳೆಯಗಾರರಾಗಿದ್ದರು. ಅವರ ಸೀಮೆಯ ಕೆಲವು ಸ್ಥಳಗಳನ್ನು ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಗೆದ್ದುಕೊಂಡರು. ಆ ಅರಸನನ್ನು ಕುರಿತು ಗೋವಿಂದವೈದ್ಯನು ರಚಿಸಿದ ಕಾವ್ಯದ ಹೆಸರು ‘ಕಂಠೀರವ ನರಸರಾಜ ವಿಜಯ’. ಕವಿಯು ಯಾರ ಪಕ್ಷದಲ್ಲಿ ನಿಂತಿದ್ದಾನೆಂಬುದನ್ನು ಆ ಹೆಸರೇ ಸಾರುತ್ತದೆ. ಮೈಸೂರಿಗೆ ವಿಜಯವಾದುದು ತಾರಮಂಗಲಕ್ಕೆ ಏನಾಗಿತ್ತು? ಮುಂದೆ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೇಲಂ, ಬಾರಾಮಹಲ್ ಸೀಮೆಗಳು ಟಿಪ್ಪುವಿನ ಕೈಯಿಂದ ಕಂಪೆನಿಗೆ ಹೋದವು. ಅಲೆಗ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ನೆಲವನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದರು. ಅವರ ದಾಖಲೆಗಳಲ್ಲಿ ರೈತನು ಮುಖ್ಯವಾಗಿ ತೆರಿಗೆ ಕೊಡುವವನಾಗಿಯೇ ಕಾಣಿಸುತ್ತಾನೆ. ಹೀಗೆ ಒಂದೇ ನೆಲ, ನೋಡುವ ಕಣ್ಣುಗಳು ಹಲವು.

ಇನ್ನು ನಮ್ಮ ಅಭಿಮಾನದ ವಿಷಯ. ಹಿಂದೆ ತಗಡೂರೆನಿಸಿದ್ದ ಧರ್ಮಪುರಿಯಲ್ಲಿ ನೊಳಂಬ ಅರಸ ಮಹೇಂದ್ರನ ಕಾಲದ ಕನ್ನಡ ಶಾಸನಗಳಿವೆ. ಅವುಗಳಲ್ಲಿ ಕ್ರಿ.ಶ. 893ರದು ಜೈನ ಬಸದಿಯೊಂದಕ್ಕೆ ಸಂಬಂಧಿಸಿದುದು. ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದಾನಧರ್ಮಗಳನ್ನು ಕನ್ನಡದಲ್ಲಿ ಬರೆಯಿಸುತ್ತಿದ್ದರೆಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಇಲ್ಲಿಯ ಜನರೆಲ್ಲರೂ ಕನ್ನಡಿಗರೇ ಆಗಿದ್ದರೆಂದಾಗಲಿ, ತಮಿಳು ಇಲ್ಲಿಗೆ ಹೊರಗಿನದೆಂದಾಗಲಿ ಇದರಿಂದ ಸಿದ್ಧವಾಗದು. ಶಾಸನವು ಹೇಳುವುದೆಷ್ಟು, ನಾವು ಅದಕ್ಕೆ ಸೇರಿಸುವುದೆಷ್ಟು ಎಂದು ಬೇರ್ಪಡಿಸಲು ಬಲ್ಲ ಬಾಲಕನೇ ಇತಿಹಾಸವನ್ನು ಕಲಿತವನು. ಪರರ ಮಾತನ್ನು ಶಂಕಿಸುವುದು ಸುಲಭ. ತನಗೆ ಪ್ರಿಯವಾದ ಮಾತನ್ನೂ ಒರೆಗೆ ಹಚ್ಚುವುದು ಕಷ್ಟ.

ಆದುದರಿಂದ ತರಗತಿಯಲ್ಲಿ ನಾಲ್ಕು ಪ್ರಶ್ನೆಗಳು ನಿತ್ಯವೂ ಕೇಳಿಬರಲಿ: ಇದನ್ನು ಹೇಳಿದವರು ಯಾರು? ಎಂದು ಹೇಳಿದರು? ಯಾವ ಉದ್ದೇಶದಿಂದ ಹೇಳಿದರು? ಬೇರೊಬ್ಬರು ಏನೆನ್ನುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರವನ್ನು ಹುಡುಕುವಲ್ಲಿ ನಮ್ಮ ಮಕ್ಕಳಿಗೆ ಒಂದು ಭಾಗ್ಯವಿದೆ. ಮನೆಯ ಕನ್ನಡದಿಂದ ಒಂದು ಪಕ್ಷವನ್ನೂ, ಬೀದಿಯ ತಮಿಳಿನಿಂದ ಮತ್ತೊಂದು ಪಕ್ಷವನ್ನೂ ಅವರು ನೇರವಾಗಿ ಕೇಳಬಲ್ಲರು. ಗಡಿಯಲ್ಲಿ ಬಾಳುವುದನ್ನು ಕೊರತೆಯೆಂದೇ ಎಣಿಸುತ್ತ ಬಂದ ನಾವು ಇದನ್ನೊಂದು ಬಲವೆಂದು ತಿಳಿಯಬೇಕು. ತಾಯ್ತಂದೆಗಳು ಮಕ್ಕಳ ಪ್ರಶ್ನೆಗಳಿಗೆ ಬೇಸರಪಡದಿರಲಿ. ಆಧಾರವನ್ನು ಕೇಳಿ ಉಳಿದ ಅಭಿಮಾನವೇ ಬಾಳುವ ಅಭಿಮಾನ.