ಬೆಟ್ಟದ ಗದ್ದೆಗಳಿಗೂ ಒಂದು ಇತಿಹಾಸ ಇದೆ

ಸಕಲೇಶಪುರದ ಇತಿಹಾಸ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಂಜರಾಬಾದ್ ಕೋಟೆ. ಮೇಲಿನಿಂದ ತೆಗೆದ ನಕ್ಷತ್ರದ ಆಕಾರದ ಆ ಫೋಟೋ ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಅದಾದ ಮೇಲೆ ಕಾಫಿ ತೋಟ, ದೊರೆಗಳ ಬಂಗಲೆ. ಅಲ್ಲಿಗೆ ಕಥೆ ಮುಗಿಯಿತು. ಕೋಟೆಯೂ ಕಾಫಿಯೂ ಬರುವ ಮೊದಲು ಇಲ್ಲಿನ ಜನ ಏನು ಬೆಳೆದು ಏನು ಉಣ್ಣುತ್ತಿದ್ದರು ಎಂದು ಕೇಳುವವರು ಕಡಿಮೆ. ನಾವೂ ಇಷ್ಟು ವರ್ಷ ಕೇಳಿರಲಿಲ್ಲ.

ಕೇಳುವ ಹಾಗಾಗಿದ್ದು ಆನೆಯಿಂದ. ಹೆತ್ತೂರು ಕಡೆಯ ಒಂದು ಊರಿನಲ್ಲಿ ರಾತ್ರಿ ಆನೆಗಳು ಗದ್ದೆಗೆ ಇಳಿದಿದ್ದವು. ಸುದ್ದಿ ಮಾಡಲು ಹೋದೆವು. ಟಾರು ರಸ್ತೆ ಮುಗಿದಲ್ಲಿ ಬೈಕ್ ನಿಲ್ಲಿಸಿ, ಕಾಫಿ ತೋಟದ ನಡುವಿನ ಕಾಲುದಾರಿಯಲ್ಲಿ ಇಳಿದರೆ ಒಮ್ಮೆಲೇ ಬಯಲು ತೆರೆದುಕೊಂಡಿತು. ಎರಡು ಗುಡ್ಡಗಳ ಮಡಿಲಲ್ಲಿ ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳು. ಪಕ್ಕದ ದಿಬ್ಬದ ಮೇಲೆ ಹೆಂಚಿನ ಆರೇಳು ಮನೆ, ಒಂದು ದೇವರ ಬನ. ಊರೆಂದರೆ ಅಷ್ಟೇ. ಗಮನಿಸಿ, ಮನೆಗಳು ದಿಬ್ಬದ ಮೇಲಿವೆ. ನೀರು ನಿಲ್ಲುವ ಜಾಗ ಭತ್ತಕ್ಕೆ, ನಿಲ್ಲದ ಜಾಗ ಮನುಷ್ಯರಿಗೆ.

ಆ ಮನೆಯ ಹಿರಿಯರು ನಮಗೆ ಆನೆ ಹೆಜ್ಜೆ ತೋರಿಸುವ ಬದಲು ಗದ್ದೆ ತೋರಿಸುತ್ತಾ ಹೋದರು. ಎಲ್ಲಕ್ಕಿಂತ ಮೇಲೆ ಕಾಡಿನ ಬುಡದಲ್ಲಿ ನೀರು ಜಿನುಗುವ ಒಂದು ಗುಂಡಿ. ಅಲ್ಲಿಂದ ಮೊದಲ ಗದ್ದೆಗೆ ನೀರು. ಅದು ತುಂಬಿದರೆ ಅಂಚಿನಲ್ಲಿ ಬಿಟ್ಟ ಕಂಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಪಂಪಿಲ್ಲ, ಕಾಲುವೆಯಿಲ್ಲ. ಕಾಡಿನ ತರಗು ಕೊಳೆತ ಸಾರವೂ ನೀರಿನ ಜೊತೆ ಇಳಿಯುತ್ತದೆ. ಮೇಲಿನವನು ಕಂಡಿ ಮುಚ್ಚಿದರೆ ಕೆಳಗಿನವನಿಗೆ ಬೆಳೆಯಿಲ್ಲ. ಕೆಳಗಿನವನು ತನ್ನ ಅಂಚು ಕೆಡವಿದರೆ ಮೇಲಿನ ಗದ್ದೆ ಕುಸಿಯುತ್ತದೆ. ಹಾಗಾಗಿ ಜಗಳವಾಡಿದರೂ ಒಟ್ಟಿಗೇ ಬಾಳಬೇಕಾದ ಏರ್ಪಾಡು ಅದು.

ಅಂಚಿನ ಕೆಲಸ ಗದ್ದೆ ಕೆಲಸದಲ್ಲೇ ಕಷ್ಟದ್ದು. ಪ್ರತಿ ಮಳೆಗಾಲ ಹಳೆಯ ಅಂಚನ್ನು ಗುದ್ದಲಿಯಲ್ಲಿ ಕಡಿದು, ಹುಲ್ಲು ತೆಗೆದು, ಹೊಸ ಕೆಸರು ಮೆತ್ತಬೇಕು. ಏಡಿ ಕೊರೆದ ತೂತು ಹುಡುಕಿ ಮುಚ್ಚಬೇಕು. ಒಂದು ತೂತು ಬಿಟ್ಟರೆ ಬೆಳಗಾಗುವುದರಲ್ಲಿ ಗದ್ದೆ ಖಾಲಿ. ಮೇಲಿನ ಕೆಲವು ಮೆಟ್ಟಿಲು ಎಷ್ಟು ಕಿರಿದೆಂದರೆ ಟಿಲ್ಲರ್ ಇಳಿಸಲಾಗದು, ಎತ್ತು ತಿರುಗಿಸುವುದೂ ಕಷ್ಟ. ಜೂನ್‌ನಲ್ಲಿ ಸಸಿಮಡಿ, ಜುಲೈ ಆಗಸ್ಟ್‌ನಲ್ಲಿ ನಾಟಿ, ಕೊಯ್ಲು ಡಿಸೆಂಬರ್ ಹೊತ್ತಿಗೆ. ವರ್ಷಕ್ಕೆ ಒಂದೇ ಬೆಳೆ. ಬೇಗ ಬರುವ ತಳಿ ಹಾಕಬಾರದೇ ಎಂದರೆ, ಅದು ಮಳೆ ಬಿಡುವ ಮೊದಲೇ ಹಣ್ಣಾಗಿ ಗದ್ದೆಯಲ್ಲೇ ಮೊಳಕೆ ಒಡೆಯುತ್ತದೆ. ಇಲ್ಲಿ ನಿಧಾನಕ್ಕೆ ಬೆಳೆಯುವ ಭತ್ತವೇ ಜಾಣ ಭತ್ತ.

ಪೂರ್ವಕ್ಕೆ, ಆಲೂರು ಕಡೆಗೆ ಬಂದರೆ ಗುಡ್ಡ ತಗ್ಗಾಗುತ್ತದೆ, ಮಳೆಯೂ ಕಡಿಮೆ. ಅಲ್ಲಿ ಕೆರೆ ಕೆಳಗಿನ ಗದ್ದೆಗಳು. ಆಲೂರು ಸಣ್ಣ ಎಂಬ ಭತ್ತಕ್ಕೆ ಆ ಊರಿನದೇ ಹೆಸರು. ಕೆಂಪು ಎಳೆಯ ರಾಜಮುಡಿ ಮೈಸೂರು ಅರಮನೆಗೆ ಹೋಗುತ್ತಿತ್ತು ಎಂಬ ಮಾತು ಹಾಸನ ಸೀಮೆಯ ಎಲ್ಲ ಕಡೆ ಕೇಳಿಸುತ್ತದೆ.

ಈಗ ಕೋಟೆಯ ವಿಷಯಕ್ಕೆ ಬರೋಣ. ಟಿಪ್ಪು 1792ರಲ್ಲಿ ಅದನ್ನು ಕಟ್ಟಿಸಿದ್ದು ಮಂಗಳೂರಿಗೆ ಇಳಿಯುವ ಘಟ್ಟದ ದಾರಿ ಕಾಯಲು. ಆಗ ಈ ಸೀಮೆಗೆ ಬಲಂ ಎಂದು ಹೆಸರು, ಐಗೂರಿನ ಪಾಳೇಗಾರರ ನಾಡು. ಟಿಪ್ಪು ಸತ್ತ ಮೇಲೂ ಪಾಳೇಗಾರ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ಬಗ್ಗಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಸೈನ್ಯದೊಂದಿಗೆ ಬಂದು ಅರಕೆರೆಯ ಕಾಡುಕೋಟೆ ಮುರಿದ. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ. ನಾಯಕನನ್ನು ಫೆಬ್ರವರಿಯಲ್ಲಿ ಹಿಡಿದು ಗಲ್ಲಿಗೆ ಹಾಕಿದರು. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

1840ರ ದಶಕದಿಂದ ಯುರೋಪಿನ ಪ್ಲಾಂಟರುಗಳು ಮಂಜರಾಬಾದಿಗೆ ಬಂದರು. ಅವರಲ್ಲೊಬ್ಬ ರಾಬರ್ಟ್ ಎಲಿಯಟ್, ಇಲ್ಲಿನ ತೋಟದ ಬದುಕಿನ ಬಗ್ಗೆ 1894ರಲ್ಲಿ ದಪ್ಪ ಪುಸ್ತಕವನ್ನೇ ಬರೆದ. ಕಾಫಿಗೆ ಬೇಕಾದದ್ದು ನೆರಳಿನ ಇಳಿಜಾರು; ಬುಡದಲ್ಲಿ ನೀರು ನಿಂತರೆ ಗಿಡ ಸಾಯುತ್ತದೆ. ಹಾಗಾಗಿ ಕಾಫಿ ಕಾಡನ್ನು ತೆಗೆದುಕೊಂಡಿತು, ಗದ್ದೆಯನ್ನು ಮುಟ್ಟಲಿಲ್ಲ. ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಭತ್ತ. ನೂರು ವರ್ಷಕ್ಕೂ ಹೆಚ್ಚು ಕಾಲ ಎರಡೂ ಹೀಗೆ ಪಕ್ಕಪಕ್ಕದಲ್ಲೇ ಇದ್ದವು.

ಇದು ಕೆಟ್ಟಿದ್ದು ಯಾವಾಗ? ನಮ್ಮ ಲೆಕ್ಕದಲ್ಲಿ ಒಂದೇ ಏಟಿಗೆ ಅಲ್ಲ. 1974ರ ಭೂ ಸುಧಾರಣೆ ಉಳುವವನಿಗೆ ಗದ್ದೆ ಕೊಟ್ಟಿತು. ಅದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಇತ್ತು. ಗದ್ದೆಗೆ ಮಿತಿ, ತೋಟಕ್ಕೆ ಇಲ್ಲ. ಆ ದಶಕದ ಕೊನೆಗೆ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದು, ನದಿ ಬಯಲಿನ ಊರು ಗದ್ದೆಗಳು ಮುಳುಗಿದವು. ನೆಲೆ ಕಳೆದುಕೊಂಡವರಿಗೆ ಆಲೂರು, ಸಕಲೇಶಪುರ ಕಡೆ ಕಾಡಿನ ಜಾಗ ಕೊಟ್ಟರು. ಆನೆ ಓಡಾಡುತ್ತಿದ್ದ ಕಾಡು ತುಂಡಾಯಿತು. 1996ರ ಹೊತ್ತಿಗೆ ಕಾಫಿಯನ್ನು ಮಂಡಳಿಗೇ ಕೊಡಬೇಕೆಂಬ ಕಟ್ಟುಪಾಡು ಪೂರ್ತಿ ಹೋಯಿತು. ಬೆಲೆ ಏರಿದ ವರ್ಷ ಕಾಫಿಯವನ ಮನೆಗೆ ಹೊಸ ಜೀಪು ಬಂತು, ಭತ್ತದವನ ಮನೆಯಲ್ಲಿ ಹಳೆಯ ಸಾಲವೇ ಉಳಿಯಿತು. ಆಮೇಲೆ ಶುಂಠಿಗೆ ಗುತ್ತಿಗೆ ಕೇಳಿಕೊಂಡು ಹೊರಗಿನವರು ಬಂದರು. ಶುಂಠಿಗೆ ನೀರು ಬಸಿಯಬೇಕು. ಅಂಚು ಒಡೆದು, ಆಳಕ್ಕೆ ಬಸಿಗಾಲುವೆ ತೆಗೆದರು.

ಉಳಿದದ್ದನ್ನು ಆನೆ ಮಾಡುತ್ತಿದೆ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಆಲೂರು, ಸಕಲೇಶಪುರ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾರ್ಯಾಚರಣೆಗೆ ಬಂದಿದ್ದ ದಸರಾ ಆನೆ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತಿತು. ಆ ದಿನ ರಾಜ್ಯವೇ ಅತ್ತಿತು. ನಾವೂ ಬರೆದೆವು. ಆದರೆ ಅದೇ ಸೀಮೆಯಲ್ಲಿ ಎಷ್ಟು ಗದ್ದೆ ಬೀಳು ಬಿದ್ದಿವೆ ಎಂದು ಯಾರೂ ಎಣಿಸಲಿಲ್ಲ, ನಾವೂ ಸೇರಿದಂತೆ. ನಮ್ಮ ಸುದ್ದಿಗಳಲ್ಲಿ ಭತ್ತದ ಪಾಲಿಗೆ ಬಂದದ್ದು "ಅಪಾರ ಬೆಳೆ ನಾಶ" ಎಂಬ ಮೂರೇ ಪದ.

ಇನ್ನೊಂದು ವಿಚಾರ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬಿಸಿಲೆಯಿಂದ ಕಾಣುವ ಪುಷ್ಪಗಿರಿಯೂ ಅದರಲ್ಲಿದೆ. ಅದೇ ವರ್ಷ ಅದೇ ಪಟ್ಟಿಗೆ ಇಂಡೋನೇಷ್ಯಾದ ಬಾಲಿ ದ್ವೀಪದ ಮೆಟ್ಟಿಲು ಗದ್ದೆಗಳೂ ಸೇರಿದವು. ಅಲ್ಲಿ ನೀರು ಹಂಚಿಕೊಳ್ಳುವ ರೈತರ ಕಟ್ಟಳೆಗೇ ಮನ್ನಣೆ ಸಿಕ್ಕಿತು. ನಮ್ಮಲ್ಲಿ ಮನ್ನಣೆ ಕಾಡಿಗೆ ಮಾತ್ರ. ತಮಾಷೆ ಎಂದರೆ ನಮ್ಮ ಗದ್ದೆಗಳಲ್ಲಿ ಬಹುಕಾಲದಿಂದ ಬೆಳೆಯುವ ಇಂಟಾನ್ ಭತ್ತ ಬಂದದ್ದೂ ಇಂಡೋನೇಷ್ಯಾದಿಂದಲೇ. ಅಲ್ಲಿನ ಭಾಷೆಯಲ್ಲಿ ಆ ಹೆಸರಿಗೆ ವಜ್ರ ಎಂದು ಅರ್ಥ. ಹಿರಿಯರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ವಜ್ರವಾದರೆ ಇಷ್ಟು ಕಡಿಮೆ ರೇಟು ಯಾಕೆ ಎಂದರು.

ಅವರ ಮನೆಯ ಅಟ್ಟದ ಕೆಳಗೆ ಭತ್ತದ ಕಣಜ ಇತ್ತು. ಬಾಗಿಲು ತೆರೆದು ತೋರಿಸಿದರು. ಒಳಗೆ ಕಾಫಿ ಚೀಲ, ಸ್ಪ್ರೇ ಡ್ರಮ್ಮು, ಮೊಮ್ಮಕ್ಕಳ ಹಳೆಯ ಸೈಕಲ್. ಊಟಕ್ಕೆ ಅಕ್ಕಿ ಈಗ ಸಕಲೇಶಪುರದ ಅಂಗಡಿಯಿಂದಲೂ ಬರುತ್ತದೆ. ಹಬ್ಬದ ಕಡುಬಿಗೆ ಮಾತ್ರ ಮನೆಯ ಅಕ್ಕಿಯೇ ಆಗಬೇಕು ಎಂದು ಮನೆಯವರು ಹಟ ಹಿಡಿಯುತ್ತಾರಂತೆ.

ಮೇಲಿನ ಮೂರು ಮೆಟ್ಟಿಲಿಗೆ ಈ ಸಲ ನಾಟಿ ಮಾಡಿರಲಿಲ್ಲ. ಆಳಿಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ, ಇದ್ದದ್ದನ್ನು ಆನೆ ತುಳಿಯುತ್ತದೆ. ಆದರೆ ಆ ಮೂರು ಗದ್ದೆಗಳ ಅಂಚು ಕಡಿದು ಕೆಸರು ಮೆತ್ತಿತ್ತು. ಕಂಡಿಯಲ್ಲಿ ನೀರು ಹರಿಯುತ್ತಿತ್ತು. ಬೆಳೆಯೇ ಇಲ್ಲದ ಗದ್ದೆಗೆ ಯಾಕೆ ಈ ಖರ್ಚು ಎಂದು ಕೇಳಿದೆವು. ಕೆಳಗಿನ ಗದ್ದೆಗೆ ನೀರು ಹೋಗುವುದು ಇದರಿಂದಲೇ, ಮನೆ ಬಾವಿಗೂ ಇದೇ ನೀರು ಎಂದರು. ಆಮೇಲೆ, ಅಂಚು ಒಮ್ಮೆ ಹೋದರೆ ಮತ್ತೆ ಕಟ್ಟುವವರು ಯಾರಿದ್ದಾರೆ ಎಂದು ನಮ್ಮನ್ನೇ ಕೇಳಿ, ಗುದ್ದಲಿ ತೊಳೆಯಲು ಕಂಡಿಯ ಹತ್ತಿರ ಹೋದರು.